ತಮ್ಮನ ಹೆಸರಿನಲ್ಲಿ ನನ್ನ ಗಂಟಲು

ನನ್ನ ತಮ್ಮನ ಗಂಟಲಿಗೆ ಹೋಗಬೇಕಿದ್ದ ಕಡ್ಡಿಯನ್ನು ನಾನು ನನ್ನ ಗಂಟಲಿಗೆ ಹಾಕಿಕೊಂಡೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ನನ್ನ ಕೈ ಮತ್ತೆ ಆ ಕಡ್ಡಿ ಕೊಟ್ಟ ಮನುಷ್ಯನ ಕಡೆಗೇ ಬೆರಳು ಮಾಡುತ್ತದೆ. ಇಷ್ಟು ವರ್ಷ ಅದನ್ನೇ ಮಾಡಿಕೊಂಡು ಬಂದಿದೆ.

ಮನೆಯಲ್ಲಿ ನಾವು ಇಬ್ಬರೇ. ಅಪ್ಪ ಅವ್ವ ಬೇಗ ಹೋದರು. ನಾನು ಗಂಡನ ಮನೆ ಬಿಟ್ಟು ಬಂದು ಸಿರುಗುಪ್ಪದಲ್ಲಿ ತಮ್ಮನನ್ನು ಬೆಳೆಸಿದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅವನು ಹತ್ತರಲ್ಲಿ ಎರಡು ಸಲ ನಪಾಸಾಗಿ ಅಕ್ಕಿ ಗಿರಣಿ ಸೇರಿದ. ಪಾಲಿಶ್ ಮಾಡುವ ಯಂತ್ರದ ಮುಂದೆ ನಿಲ್ಲುವ ಕೆಲಸ. ಸಂಜೆ ಮನೆಗೆ ಬಂದರೆ ಹುಬ್ಬು, ಮೀಸೆ ಎಲ್ಲ ತೌಡಿನ ಬಣ್ಣ. ಪಕ್ಕದ ಕರೂರಿನ ಹುಡುಗಿಯನ್ನು ನಾನೇ ಹುಡುಕಿ ಗೊತ್ತು ಮಾಡಿದೆ. ಕೊರೊನಾದ ಎರಡನೆಯ ಅಲೆ ಬಂದಿತ್ತು. ಕೆಲವೇ ಜನ ಸೇರಿ ಮದುವೆ ಮಾಡಿ ಮುಗಿಸಲು ಅಪ್ಪಣೆ ಸಿಕ್ಕಿತ್ತು. ನಾಲ್ಕು ದಿನ ಮುಂಚೆಯೇ ಅರಿಶಿಣ ಹಚ್ಚಿ ಅವನನ್ನು ಕೂರಿಸಿದ್ದೆವು.

ನಮ್ಮ ಮನೆತನದಲ್ಲಿ ಅರಿಶಿಣ ಹಚ್ಚಿದ ಮೇಲೆ ಮದುಮಗ ಹೊಸ್ತಿಲು ದಾಟುವುದಿಲ್ಲ, ಹೊರಗಿನವರು ಅವನ ಮೈ ಮುಟ್ಟುವುದಿಲ್ಲ. ಅರಿಶಿಣದ ಮೈಯಲ್ಲಿ ಮದುವೆ ನಿಂತರೆ ಆ ಮನೆಗೆ ಮತ್ತೆ ಹೆಣ್ಣು ಕೊಡುವವರಿಲ್ಲ ಎಂಬ ಮಾತೂ ಇದೆ. ಇದನ್ನು ನಾನು ನಂಬಿದ್ದೆನೋ ಇಲ್ಲವೋ ಈಗ ಹೇಳಲಾರೆ. ಆದರೆ ಆ ದಿನ ಅದು ನನಗೆ ಬಹಳ ಅನುಕೂಲಕ್ಕೆ ಬಂತು.

ಅರಿಶಿಣದ ಮರುದಿನ ತಮ್ಮನಿಗೆ ಜ್ವರ ಬಂತು. ಗಿರಣಿಯಲ್ಲಿ ಒಬ್ಬನಿಗೆ ಪಾಸಿಟಿವ್ ಬಂದಿದ್ದರಿಂದ, ಅಲ್ಲಿ ದುಡಿಯುವವರ ಪಟ್ಟಿ ಹಿಡಿದು ಗಂಟಲ ದ್ರವ ತೆಗೆಯಲು ಒಬ್ಬ ಟೆಕ್ನಿಶಿಯನ್ ನಮ್ಮ ಓಣಿಗೆ ಬಂದ. ಮೂವತ್ತು ದಾಟಿದವನು, ಕುರುಗೋಡಿನವನು, ಗುತ್ತಿಗೆಯ ನೌಕರಿ. ಆ ಬಿಸಿಲಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿಯ ಪ್ಲಾಸ್ಟಿಕ್ ಅಂಗಿ ತೊಟ್ಟಿದ್ದ. ಕನ್ನಡಕದ ಒಳಗೆ ಬೆವರಿನ ಹಬೆ ಕಟ್ಟಿ ಅವನ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ.

ಪಾಸಿಟಿವ್ ಬಂದರೆ ಬಾಗಿಲಿಗೆ ಪಟ್ಟಿ ಹೊಡೆಯುತ್ತಾರೆ, ತಮ್ಮನನ್ನು ಎಲ್ಲಿಗೋ ಒಯ್ಯುತ್ತಾರೆ, ಸಂಜೆಯೊಳಗೆ ಕರೂರಿಗೆ ಸುದ್ದಿ ಮುಟ್ಟುತ್ತದೆ. ನಾನು ಬಾಗಿಲಿಗೆ ಅಡ್ಡ ನಿಂತೆ. ಒಳಗೆ ಅರಿಶಿಣದ ಮದುಮಗ ಇದ್ದಾನೆ, ಮುಟ್ಟುವಂತಿಲ್ಲ ಎಂದೆ.

“ಮುಟ್ಟದ ಹೆಂಗ ತಗೀಲಕ್ಕಾ?” ಎಂದ ಅವನು.

“ಕಡ್ಡಿ ಇತ್ತಾಗ ಕೊಡ್ರಿ. ನಾನ ಹಾಕಿ ತಂದುಕೊಡ್ತೀನಿ.”

“ಹಂಗ ಕೊಡಂಗಿಲ್ರಿ. ರೂಲ್ಸ್ ಇಲ್ಲ.”

“ನಿಮ್ಮನ್ಯಾಗ ಯಾರದೂ ಮದುವಿ ಆಗಿಲ್ಲೇನು? ಅರಿಶಿಣ ಅಂದ್ರೇನಂತ ನಿಮ್ಮವ್ವ ಹೇಳಿಲ್ಲೇನು?”

ಅವನು ಕೈಯಲ್ಲಿದ್ದ ಪಟ್ಟಿ ನೋಡಿದ. ಇನ್ನೂ ಅರ್ಧ ಓಣಿ ಬಾಕಿ ಇತ್ತು. ಕಡ್ಡಿಯ ಕವರು ಹರಿದು ನನ್ನ ಕೈಗೆ ಕೊಟ್ಟ. ನಾಲಿಗೆಗೆ ತಾಗಿಸಬಾರದು, ಕಿರುನಾಲಿಗೆಯ ಹಿಂದಿನ ಗೋಡೆಗೆ ಒತ್ತಿ ತಿರುವಬೇಕು, ಓಕರಿಕೆ ಬಂದರೆ ಸರಿಯಾಗಿ ತಾಗಿದೆ ಎಂದು ಅರ್ಥ ಎಂದು ಹೇಳಿಕೊಟ್ಟು, ನಲ್ಲಿಯ ಹತ್ತಿರ ಬೇವಿನ ನೆರಳಿಗೆ ಹೋಗಿ ನಿಂತ.

ಒಳಗೆ ತಮ್ಮ ಚಾಪೆಯ ಮೇಲೆ ಮಲಗಿದ್ದ. ನಾನು ಗೋಡೆಯ ಕಡೆ ತಿರುಗಿ, ಆ ಮನುಷ್ಯ ಹೇಳಿದ ಹಾಗೆಯೇ ಚಾಚೂ ತಪ್ಪದೆ ಮಾಡಿದೆ. ಕಡ್ಡಿ ನನ್ನ ಗಂಟಲಿನಲ್ಲಿ. ಓಕರಿಕೆ ಬಂತು, ಕಣ್ಣಲ್ಲಿ ನೀರು ಬಂತು. ತಮ್ಮ ನೋಡುತ್ತಿದ್ದ. ಅವನಿಗೆ ನಗು.

“ಸಾಲ್ಯಾಗಂತೂ ನಾನು ಪಾಸಾಗಲಿಲ್ಲ. ನನ್ನ ಹೆಸರ್ಲೆ ನೀನರ ಪಾಸಾಗಿಬಿಡಕ್ಕಾ,” ಎಂದ.

ಪಾಸಾದೆ. ನಾನು ಹೊರಗೆ ತಂದುಕೊಟ್ಟ ಕಡ್ಡಿಯನ್ನು ಆ ಮನುಷ್ಯ ತಮ್ಮನ ಹೆಸರಿನ ಟ್ಯೂಬಿಗೆ ಹಾಕಿ ಒಯ್ದ. ಎರಡು ದಿನಕ್ಕೆ ತಮ್ಮನ ಮೊಬೈಲಿಗೆ ಸಂದೇಶ ಬಂತು, ನೆಗೆಟಿವ್. ಅವನ ಹೆಸರು, ಅವನ ವಯಸ್ಸು. ಕರೂರಿನಲ್ಲಿ ಹುಡುಗಿಯ ಮನೆಯ ಅಂಗಳದಲ್ಲಿ ಅಕ್ಷತೆ ಬಿತ್ತು. ಬಾಸಿಂಗ ಕಟ್ಟಿದ ಹಣೆ ಸುಡುತ್ತಿತ್ತು. ಜ್ವರದ ಮಾತ್ರೆ ನುಂಗಿಸಿ ಹಸೆಯ ಮೇಲೆ ಕೂರಿಸಿದವಳು ನಾನು. ಮದುವೆಯ ಮೂರನೆಯ ದಿನ ಸಿರುಗುಪ್ಪದ ಒಂದು ಚಿಕ್ಕ ದವಾಖಾನೆಗೆ ಒಯ್ದೆ. ಅಲ್ಲಿ ಟೆಸ್ಟ್ ಮಾಡಿಸಿದ್ದೀರಾ ಎಂದು ಕೇಳಿದರು. ಸಂದೇಶ ತೋರಿಸಿದೆ. ಟೈಫಾಯ್ಡ್ ಇರಬಹುದು ಎಂದು ಬಾಟಲಿ ಏರಿಸಿದರು. ಎರಡು ದಿನ ಹಾಗೆ ಹೋಯಿತು. ಉಸಿರು ಹಿಡಿದಾಗ ಬಳ್ಳಾರಿಗೆ ಓಡಿದೆವು. ಸ್ಕ್ಯಾನ್ ಮಾಡಿದ ಡಾಕ್ಟರು ಶ್ವಾಸಕೋಶ ಎರಡೂ ಬೆಳ್ಳಗಾಗಿವೆ, ಇದು ಅದೇ ರೋಗದ ಹಾಗೆ ಕಾಣುತ್ತದಲ್ಲ, ಟೆಸ್ಟ್ ಏನು ಬಂತು ಎಂದು ಕೇಳಿದರು.

ಆಗಲಾದರೂ ಬಾಯಿ ಬಿಡಬಹುದಿತ್ತು. ಪಕ್ಕದಲ್ಲಿ ಹಸಿರು ಬಳೆ ತೊಟ್ಟ ಹುಡುಗಿ ನಿಂತಿದ್ದಳು. ಅವಳ ಎದುರಿಗೆ ಹೇಗೆ ಹೇಳಲಿ? ಮತ್ತೆ ಸಂದೇಶ ತೋರಿಸಿದೆ. ಅವನನ್ನು ಕೊರೊನಾದವರ ವಾರ್ಡು ಬಿಟ್ಟು ಬೇರೆ ವಾರ್ಡಿಗೆ ಹಾಕಿದರು. ಇನ್ನೊಮ್ಮೆ ಟೆಸ್ಟ್ ಮಾಡೋಣ ಎಂದಿದ್ದರು. ಮಾಡುವ ಮೊದಲೇ ಅವನು ಹೋದ.

ದಿನಗಳು ಕಳೆದಂತೆ ನನಗೆ ಅಳು ಬರುವ ಬದಲು ಸಿಟ್ಟು ಬರತೊಡಗಿತು. ಆ ಬಿಳಿಯ ಅಂಗಿಯವನ ಮೇಲೆ. ಅವನು ನನ್ನ ಮಾತು ಯಾಕೆ ಕೇಳಿದ? ನಾಲ್ಕನೇ ಕ್ಲಾಸು ಓದಿದ ಹೆಂಗಸು ಅರಿಶಿಣ ಎಂದರೆ, ಓದಿದವನು ಒಪ್ಪಿಕೊಂಡು ಕಡ್ಡಿ ಕೊಟ್ಟುಬಿಡುವುದೇ? ನನ್ನನ್ನು ತಳ್ಳಿ ಒಳಗೆ ಬಂದಿದ್ದರೆ ನನ್ನ ತಮ್ಮ ಇರುತ್ತಿದ್ದ. ಅವನ ಕೆಲಸವೇ ಅದಾಗಿತ್ತು. ಒಮ್ಮೆ ಈ ದಾರಿ ಸಿಕ್ಕಿದ ಮೇಲೆ ನಾನು ಅದನ್ನು ಬಿಡಲಿಲ್ಲ. ಬೆಳಗ್ಗೆ ಎದ್ದರೆ ಅವನು, ಉಣ್ಣಲು ಕೂತರೆ ಅವನು. ತಮ್ಮನ ಮುಖಕ್ಕಿಂತ ಆ ಹಬೆ ಕಟ್ಟಿದ ಕನ್ನಡಕವೇ ನನಗೆ ಹೆಚ್ಚು ನೆನಪಿಗೆ ಬರುತ್ತಿತ್ತು.

ತಾಲೂಕು ಕಚೇರಿಯ ಮುಂದೆ ಅರ್ಜಿ ಬರೆಯುವವನ ಹತ್ತಿರ ಕುಳಿತು ದೂರು ಬರೆಸಿದೆ. ಟೆಕ್ನಿಶಿಯನ್ ಮನೆಯೊಳಗೆ ಬರಲೇ ಇಲ್ಲ, ಕಡ್ಡಿಯನ್ನು ನನ್ನ ಕೈಗೆ ಕೊಟ್ಟ, ನನಗೆ ತಿಳಿಯದೆ ತಮ್ಮನ ತುಟಿಗೆ, ನಾಲಿಗೆಯ ತುದಿಗೆ ತಾಗಿಸಿ ಕೊಟ್ಟೆ, ಅದಕ್ಕೇ ತಪ್ಪು ಫಲಿತಾಂಶ ಬಂದು ಅವನು ಸತ್ತ. ಅರ್ಧ ನಿಜ, ಅರ್ಧ ಸುಳ್ಳು. ಬಾಗಿಲಿಗೆ ಅಡ್ಡ ನಿಂತದ್ದನ್ನು ಬರೆಸಲಿಲ್ಲ. ವಿಚಾರಣೆಯಲ್ಲಿ ಆ ಮನುಷ್ಯ ಹೆದರಿ, ತಾನೇ ಒಳಗೆ ಹೋಗಿ ತೆಗೆದದ್ದಾಗಿ ಹೇಳಿಬಿಟ್ಟ. ಅಲ್ಲಿಗೆ ಅವನ ಕಥೆ ಮುಗಿಯಿತು. ಅವನು ಬೇವಿನ ಕೆಳಗೆ ನಿಂತದ್ದನ್ನು ಓಣಿಯ ನಾಲ್ಕು ಜನ ನೋಡಿದ್ದರು. ಅವನ ಸುಳ್ಳಿನ ಮುಂದೆ ನನ್ನ ಸುಳ್ಳು ಸತ್ಯದ ಹಾಗೆ ಕಂಡಿತು. ಅವನನ್ನು ಕೆಲಸದಿಂದ ತೆಗೆದರು. ಕರೂರಿನ ಬೀಗರೂ ನನ್ನ ಮಾತನ್ನೇ ನಂಬಿದರು. ಹುಡುಗಿಯ ತಾಯಿ ಅವನ ಹೆಸರೆತ್ತಿ ಮಣ್ಣು ತೂರಿ ಶಾಪ ಹಾಕುವಾಗ ನಾನು ಪಕ್ಕದಲ್ಲಿ ಕುಳಿತು ಹೂಂಗುಟ್ಟಿದೆ.

ಅಷ್ಟಕ್ಕೇ ನಾನು ತಣಿಯಲಿಲ್ಲ. ಸಿರುಗುಪ್ಪದ ಮನೆ ಬಿಟ್ಟು ಬಳ್ಳಾರಿಗೆ ಬಂದು ಜೀನ್ಸ್ ಹೊಲಿಯುವ ಷೆಡ್ಡಿಗೆ ಸೇರಿದ್ದೆ. ಹೊಲಿದು ಬಂದ ಪ್ಯಾಂಟುಗಳ ದಾರ ಕತ್ತರಿಸಿ ಚೆಕಿಂಗ್ ಮೇಜಿಗೆ ಇಡುವ ಕೆಲಸ. ಒಂದು ರಜೆಯ ದಿನ ಬಸ್ಸು ಹತ್ತಿ ಕುರುಗೋಡಿಗೆ ಹೋದೆ. ಅವನು ಅಲ್ಲಿ ಒಂದು ಔಷಧಿ ಅಂಗಡಿಯಲ್ಲಿ ಸೇರಿದ್ದಾನೆ ಎಂದು ಗೊತ್ತಾಗಿತ್ತು. ಅಂಗಡಿಯ ಮುಂದೆ ಐದಾರು ಜನ ಇದ್ದರು. ಮೊದಲ ಸಲ ಅವನ ಮುಖವನ್ನು ಪೂರ್ತಿ ನೋಡಿದೆ. ಸಾಧಾರಣ ಮುಖ, ಕೆನ್ನೆಯಲ್ಲಿ ಸೀತಾಳೆ ಸಿಡುಬಿನದೋ ಮೊಡವೆಯದೋ ಕಲೆ. ನಾನು ಕೂಗಾಡಲಿಲ್ಲ. ಔಷಧಿ ಕೊಳ್ಳುತ್ತಿದ್ದ ಮುದುಕಿಗೆ ಮೆಲ್ಲಗೆ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಹೇಳಿದೆ.

“ಯವ್ವಾ, ಇವನ ಕೈಲೆ ಗುಳಿಗಿ ತಗೋಬ್ಯಾಡ. ನನ್ನ ತಮ್ಮ ಇವನ ಕೈಲೇ ಹೋದ.”

ಮುದುಕಿ ಕೈಯಲ್ಲಿದ್ದ ಪೊಟ್ಟಣವನ್ನು ಮರಳಿ ಮೇಜಿನ ಮೇಲೆ ಇಟ್ಟಳು. ಅಂಗಡಿಯ ಯಜಮಾನ ಎದ್ದು ನಿಂತ. ಆ ಮನುಷ್ಯ ಹೊರಗೆ ಬಂದು, ನನ್ನನ್ನು ಪಕ್ಕಕ್ಕೆ ಕರೆದ. ಬಯ್ಯುತ್ತಾನೆ ಎಂದುಕೊಂಡಿದ್ದೆ, ಬೈದಿದ್ದರೆ ಇನ್ನಷ್ಟು ಜನ ಸೇರುತ್ತಿದ್ದರು.

“ನಾನು ಒಳಗ ಬರಬೇಕಿತ್ತಕ್ಕಾ. ಬರಲಿಲ್ಲ, ಅದು ನಂದ ತಪ್ಪು,” ಎಂದ. “ಆದ್ರ ಒಂದು ಮಾತು. ತುಟಿಗೆ ಹಚ್ಚಿದ ಕಡ್ಡಿ ನನಗ ಗೊತ್ತಾಗತೈತಿ. ಅದು ಹಂಗಿರಲಿಲ್ಲ. ಮತ್ತ ಅವತ್ತು ನೀವು ಹೊರಗ ಬಂದಾಗ ನಿಮ್ಮ ಕಣ್ಣಾಗ ನೀರಿತ್ತು.”

ಅಷ್ಟೇ ಹೇಳಿದ. ಮುಂದಿನದನ್ನು ಹೇಳಲಿಲ್ಲ. ಗೊತ್ತಿದೆಯೋ, ಬರಿಯ ಗುಮಾನಿಯೋ ತಿಳಿಯಲಿಲ್ಲ. ಅವನ ಮೇಲೆ ಅದುವರೆಗೆ ಇದ್ದದ್ದು ಸಿಟ್ಟು. ಬಳ್ಳಾರಿಯ ಬಸ್ಸು ಹತ್ತುವ ಹೊತ್ತಿಗೆ ಅವನು ಪೂರ್ತಿ ಹಾಳಾಗಬೇಕು ಎಂಬ ಹಟವಾಗಿತ್ತು. ಔಷಧಿ ಅಂಗಡಿಯ ಕೆಲಸವೂ ಹೋಯಿತು ಎಂದು ಆಮೇಲೆ ಕೇಳಿದೆ. ಮೆಣಸಿನಕಾಯಿ ಒಣಗಿಸುವ ಕಣದಲ್ಲಿ ಕೂಲಿಗೆ ಹೋಗುತ್ತಾನಂತೆ. ಒಣ ಮೆಣಸಿನಕಾಯಿಯ ಘಾಟಿಗೆ ಅವನು ಕೆಮ್ಮುವುದನ್ನು ನೆನೆಸಿಕೊಂಡು ನಾನು ದಾರ ಕತ್ತರಿಸುತ್ತಿದ್ದೆ.

ಎರಡು ವರ್ಷ ಕಳೆದ ಮೇಲೆ ಒಂದು ಫೋನು ಬಂತು. ಒಬ್ಬ ಡಾಕ್ಟರಮ್ಮ. ರೋಗಿಗಳನ್ನು ನೋಡುವ ಡಾಕ್ಟರಲ್ಲ, ಕೊರೊನಾದ ಮೇಲೆ ಸಂಶೋಧನೆ ಮಾಡುವವರು. ಅವರ ತಂಡಕ್ಕೆ ಬಳ್ಳಾರಿಯ ಗಾಂಧಿನಗರದಲ್ಲಿ ಒಂದು ಬಾಡಿಗೆಯ ಕೋಣೆ ಇತ್ತು, ಅಲ್ಲಿಗೆ ಬರಲು ಹೇಳಿದರು. ಬಿಳಿಯ ಗೋಡೆ, ಎರಡು ಮೇಜು, ಕಿಟಕಿಗೆ ಒದ್ದೆ ಟವೆಲು ಕಟ್ಟಿದ್ದರು. ನನಗಿಂತ ಚಿಕ್ಕವರು, ರೂಪನಗುಡಿ ಕಡೆಯವರಂತೆ. ನಮ್ಮ ಮಾತಿನಲ್ಲೇ ಎಲ್ಲ ಬಿಡಿಸಿ ಹೇಳಿದರು.

ಕೊರೊನಾ ಎಂದರೆ ಒಂದೇ ರೋಗಾಣುವಲ್ಲ, ದೊಡ್ಡ ಮನೆತನ. ಅದರಲ್ಲಿ ನೆಗಡಿ ತರಿಸಿ ಸುಮ್ಮನಾಗುವವೂ ಇವೆ, ಶ್ವಾಸಕೋಶಕ್ಕೇ ಕೈ ಹಾಕುವವೂ ಇವೆ. ಇದಕ್ಕೂ ಮೊದಲು ಅಂಥ ಎರಡು ಬಂದಿದ್ದವಂತೆ. ಒಂದು ಚೀನಾದಲ್ಲಿ ಪುನುಗು ಬೆಕ್ಕಿನಿಂದ, ಇನ್ನೊಂದು ಅರಬರ ನಾಡಿನಲ್ಲಿ ಒಂಟೆಯಿಂದ. ಎಲ್ಲದರ ತವರು ಬಾವಲಿ ಇರಬೇಕು ಎಂದರು. ಈ ರೋಗಾಣುಗಳು ಮೈ ಬದಲಿಸುತ್ತ ಇರುತ್ತವೆ. ಟೆಸ್ಟು ಅದರ ಮೈಯ ಎರಡು ಮೂರು ಜಾಗವನ್ನಷ್ಟೇ ನೋಡುತ್ತದೆ. ಬದಲಾವಣೆ ಅಲ್ಲೇ ಆಗಿದ್ದರೆ ಟೆಸ್ಟಿಗೆ ಕಾಣುವುದಿಲ್ಲ.

ನನಗೆ ಚೆಕಿಂಗ್ ಮೇಜು ನೆನಪಾಯಿತು. ಅಲ್ಲಿ ಜಿಪ್ಪು, ಗುಂಡಿ, ಜೇಬಿನ ಹೊಲಿಗೆ ಮೂರನ್ನೇ ನೋಡುತ್ತಾರೆ. ಪ್ಯಾಂಟಿನ ಹಿಂದೆ ಅಂಗೈಯಷ್ಟು ತೂತಿದ್ದರೂ ಪಾಸು. ಹಾಗೆಯೇ ಏನು ಎಂದು ಕೇಳಿದೆ. ಅವರು ನಕ್ಕು, ನಮ್ಮ ಹುಡುಗರಿಗೂ ಇನ್ನು ಮೇಲೆ ಹೀಗೇ ಹೇಳಿಕೊಡುತ್ತೇನೆ ಎಂದರು.

ಸ್ಕ್ಯಾನಿನಲ್ಲಿ ಶ್ವಾಸಕೋಶ ಬೆಳ್ಳಗಾಗಿ, ಟೆಸ್ಟಿನಲ್ಲಿ ನೆಗೆಟಿವ್ ಬಂದು ಸತ್ತವರನ್ನು ಅವರು ಹುಡುಕುತ್ತಿದ್ದರು. ಅಂಥವರ ಹಳೆಯ ಟ್ಯೂಬುಗಳು ಕೆಲವು ಲ್ಯಾಬಿನ ಅತಿ ತಣ್ಣನೆಯ ಪೆಟ್ಟಿಗೆಯಲ್ಲಿ ಉಳಿದಿದ್ದವು. ಅದರಲ್ಲಿ ತಮ್ಮನ ಹೆಸರಿನದೂ ಒಂದು. ಮದುವೆಯ ವಯಸ್ಸಿನ ಗಟ್ಟಿ ಆಳು ಹೀಗೆ ಹೋದದ್ದು ಅವರಿಗೆ ಮುಖ್ಯವಾಗಿ ಕಂಡಿತ್ತು. ಟ್ಯೂಬು ತೆರೆಯಲು ನನ್ನ ಒಪ್ಪಿಗೆ ಬೇಕಿತ್ತು.

ಒಪ್ಪಿಗೆಯ ಕಾಗದವನ್ನು ಅವರು ಓದಿ ಮುಗಿಸುವ ಮೊದಲೇ ಸಹಿ ಮಾಡಿದೆ. ಜನಕ್ಕೆ ಉಪಕಾರವಾಗಲಿ ಎಂದಲ್ಲ. ನಾಲ್ಕು ಜನರ ಸಾಕ್ಷಿಗಿಂತ ವಿಜ್ಞಾನದ ಸಾಕ್ಷಿ ದೊಡ್ಡದು, ಆ ಬಿಳಿಯ ಅಂಗಿಯವನ ತಪ್ಪು ಅಚ್ಚಾಗಿ ಬರಲಿ, ಎಂದೂ ಅಳಿಸಲಾಗದಂತೆ ಬರಲಿ ಎಂದು. ಕಡ್ಡಿ ಯಾರು ಹಾಕಿದ್ದು ಎಂದು ಅವರು ಕೇಳಿದಾಗ ದೂರಿನಲ್ಲಿ ಬರೆಸಿದ ಮಾತನ್ನೇ ಮತ್ತೆ ಹೇಳಿದೆ. ತಮ್ಮನ ಸ್ಕ್ಯಾನಿನ ಫಿಲ್ಮನ್ನೂ ತಂದುಕೊಟ್ಟೆ. ಕಿಟಕಿಯ ಬೆಳಕಿಗೆ ಅದನ್ನು ಹಿಡಿದು ಅವರು ತುಂಬ ಹೊತ್ತು ನೋಡಿದರು.

ಕೆಲವು ತಿಂಗಳ ಮೇಲೆ ಮತ್ತೆ ಕರೆದರು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹೋದೆ. ಡಾಕ್ಟರಮ್ಮ ಬಹಳ ಹುರುಪಿನಲ್ಲಿದ್ದರು. ಟ್ಯೂಬಿನಲ್ಲಿ ಕೊರೊನಾದ ಸುಳಿವೇ ಇಲ್ಲ. ಮೈ ಬದಲಿಸಿದ್ದೂ ಇಲ್ಲ, ಹಳೆಯದೂ ಇಲ್ಲ, ಎಲ್ಲ ಜಾಗ ನೋಡಿ ಆಯಿತು. ಆದರೆ ಟ್ಯೂಬಿನಲ್ಲಿ ಗಂಟಲಿನ ಜೀವಕೋಶಗಳು ಬೇಕಾದಷ್ಟು ಇವೆ.

“ಛಲೋ ತಗದಿರೋ ಸ್ಯಾಂಪಲ್ ಅದು. ತುಟಿಗೆ ಹಚ್ಚಿದ್ರ ಅಷ್ಟು ಬರಂಗಿಲ್ಲ. ನೀವು ತಿಳೀದ ಮಾಡಿದ್ರೂ ಸರಿಯಾಗಿ ಮಾಡೀರಿ,” ಎಂದರು. ಅಂದರೆ ನಿಮ್ಮ ತಮ್ಮನನ್ನು ಕೊಂದದ್ದು ಬೇರೆಯೇ ಯಾವುದೋ ರೋಗಾಣು ಇರಬಹುದು, ಇನ್ನೂ ಹೆಸರಿಡದ್ದೂ ಇರಬಹುದು. ಟ್ಯೂಬನ್ನು ಹೊರ ರಾಜ್ಯದ ದೊಡ್ಡ ಲ್ಯಾಬಿಗೆ ಕಳಿಸಲು ಕಾಗದ ತಯಾರಾಗಿದೆ ಎಂದು ಮೇಜಿನ ಮೇಲಿನ ಹಾಳೆಗಳನ್ನು ತೋರಿಸಿದರು.

ಆಮೇಲೆ, ನನಗೆ ಸಂತೋಷವಾಗುತ್ತದೆ ಎಂದುಕೊಂಡೇ ಇರಬೇಕು, ಇನ್ನೊಂದು ಮಾತು ಸೇರಿಸಿದರು. ಆ ಟೆಕ್ನಿಶಿಯನ್ ಮತ್ತೆ ಲ್ಯಾಬಿನ ಕೆಲಸಕ್ಕೆ ಅರ್ಜಿ ಹಾಕಿದ್ದಾನೆ. ನನ್ನ ಹಳೆಯ ದೂರು ಅಡ್ಡ ಬಂದಿದೆ. ಸ್ಯಾಂಪಲ್ ಕೆಟ್ಟಿರಲಿಲ್ಲ, ಸಾವಿಗೆ ಅವನು ಕಾರಣನಲ್ಲ ಎಂದು ಡಾಕ್ಟರಮ್ಮನೇ ಬರೆದುಕೊಟ್ಟರೆ ಅವನ ದಾರಿ ಸಲೀಸಾಗುತ್ತದೆ.

ನನ್ನ ಕಿವಿಯಲ್ಲಿ ಹೊಲಿಗೆ ಯಂತ್ರಗಳೆಲ್ಲ ಒಟ್ಟಿಗೆ ಓಡಿದ ಹಾಗಾಯಿತು. ನನ್ನ ಗಂಟಲು ಅವನ ಪರವಾಗಿ ಸಾಕ್ಷಿ ಹೇಳುತ್ತಿತ್ತು. ನಾನು ಅಷ್ಟು ಚೆನ್ನಾಗಿ ಓಕರಿಸಿದ್ದಕ್ಕೆ ಅವನು ತಪ್ಪಿಲ್ಲದವನಾಗಿ, ಬಿಳಿಯ ಅಂಗಿ ತೊಟ್ಟು ಮತ್ತೆ ಲ್ಯಾಬಿನ ಬಾಗಿಲು ದಾಟುತ್ತಾನೆ. ನಾನು ಸುಮ್ಮನಿದ್ದರೆ ಸಾಕು, ನನ್ನ ಗುಟ್ಟು ನನ್ನ ಹತ್ತಿರವೇ ಉಳಿಯುತ್ತದೆ, ಅವನಿಗೂ ಬದುಕು ಸಿಗುತ್ತದೆ. ಸುಮ್ಮನಿರಲು ನನ್ನಿಂದ ಆಗಲಿಲ್ಲ.

“ಅದು ನನ್ನ ತಮ್ಮಂದಲ್ರಿ ಮೇಡಂ. ಕಡ್ಡಿ ನನ್ನ ಗಂಟಲಕ ಹಾಕ್ಕೊಂಡಿದ್ದೆ,” ಎಂದೆ.

ಅವರಿಗೆ ಮೊದಲು ಅರ್ಥವಾಗಲಿಲ್ಲ. ಎರಡನೆಯ ಸಲ ಹೇಳಿದೆ. ಮದುವೆ, ಜ್ವರ, ಪಾಸಿಟಿವ್ ಬರುತ್ತದೆಂಬ ಭಯ, ಎಲ್ಲ ಹೇಳಿದೆ. ಅವನು ಹೊರಗೇ ನಿಂತು ಕಡ್ಡಿಯನ್ನು ನನ್ನ ಕೈಗೆ ಕೊಟ್ಟ ಎಂದು ಒತ್ತಿ ಹೇಳಿದೆ. ಅವನು ಕೊಡದಿದ್ದರೆ ಇದಾವುದೂ ಆಗುತ್ತಿರಲಿಲ್ಲ ಎಂದೂ ಹೇಳಿದೆ. ಬಾಗಿಲಿಗೆ ಅಡ್ಡ ನಿಂತದ್ದು, ಅರಿಶಿಣದ ಹೆಸರು ಹೇಳಿ ಅವನನ್ನು ತಡೆದದ್ದು, ಅವನ ತಾಯಿಯನ್ನು ಎತ್ತಿ ಹಂಗಿಸಿದ್ದು, ಈ ಮೂರನ್ನು ಹೇಳಲಿಲ್ಲ.

ಡಾಕ್ಟರಮ್ಮ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಎಷ್ಟು ತಿಂಗಳ ಕೆಲಸವೋ. ಬೈಯಲಿಲ್ಲ. ಕಣ್ಣು ತೆರೆದಾಗ ಕೇಳಿದ್ದು ಒಂದೇ.

“ಇಷ್ಟು ವರ್ಷ ಬಿಟ್ಟು ಈಗ್ಯಾಕ ಹೇಳಿದ್ರಿ?”

“ತಡಕೊಳ್ಳಾಕ ಆಗಲಿಲ್ರಿ,” ಎಂದೆ.

ಅವರು ಅದನ್ನು ಪಶ್ಚಾತ್ತಾಪ ಎಂದುಕೊಂಡರು. ನೀರು ಕೊಟ್ಟರು. ಹೆಗಲ ಮೇಲೆ ಕೈಯಿಟ್ಟು, ಹೇಳಿದ್ದು ಒಳ್ಳೆಯದಾಯಿತು, ತಪ್ಪು ಹುಡುಕಾಟದಲ್ಲಿ ಇನ್ನಷ್ಟು ವರ್ಷ ಹೋಗುತ್ತಿದ್ದವು ಎಂದರು. ಆ ಕೈ ನನ್ನ ಹೆಗಲ ಮೇಲೆ ಇದ್ದಷ್ಟು ಹೊತ್ತು ನಾನು ತಲೆ ಎತ್ತಲಿಲ್ಲ.

ಎರಡು ವಾರದಲ್ಲಿ ಪರೀಕ್ಷೆ ಮಾಡಿ ನೋಡಿದರಂತೆ. ಟ್ಯೂಬಿನಲ್ಲಿದ್ದದ್ದು ಹೆಂಗಸಿನ ಗಂಟಲು ಎಂದು ಖಚಿತವಾಯಿತು. ಹೊರ ರಾಜ್ಯಕ್ಕೆ ಕಳಿಸುವ ಕಾಗದ ರದ್ದಾಯಿತು. ತಮ್ಮನ ಹೆಸರನ್ನು ಅವರ ಪಟ್ಟಿಯಿಂದ ತೆಗೆಯಬೇಕಾಯಿತು. ಅವನದು ಎನ್ನುವ ಒಂದು ಹನಿಯೂ ಎಲ್ಲೂ ಉಳಿದಿಲ್ಲವಾದ್ದರಿಂದ ಅವನು ಯಾವ ರೋಗದಿಂದ ಸತ್ತ ಎಂದು ಇನ್ನು ಯಾರೂ ಖಾತ್ರಿಯಾಗಿ ಹೇಳಲಾರರು. ಸರಕಾರದ ಲೆಕ್ಕದಲ್ಲೂ ಅವನು ಆ ರೋಗದಿಂದ ಸತ್ತವನಲ್ಲ. ನಾನು ಕೊಟ್ಟ ಹೇಳಿಕೆಯ ಪ್ರತಿ ಕಚೇರಿಗೆ ಹೋಯಿತು. ಮಾದರಿಯನ್ನು ತಾನು ತೆಗೆಯದೆ ಮನೆಯವರ ಕೈಗೆ ಕೊಟ್ಟದ್ದರಿಂದಲೇ ರೋಗಿಯ ಹೆಸರಿನಲ್ಲಿ ಬೇರೆಯವರ ದ್ರವ ಹೋಯಿತು ಎಂದು ಸಾಬೀತಾಗಿ ಆ ಮನುಷ್ಯನ ಅರ್ಜಿ ತಿರಸ್ಕಾರವಾಯಿತು. ನನ್ನನ್ನೂ ಕರೆಸಿ ಗದರಿಸಿ ತಪ್ಪೊಪ್ಪಿಗೆ ಬರೆಸಿಕೊಂಡರು. ಕರೂರಿನವರು ಈಗ ನನ್ನ ಫೋನು ಎತ್ತುವುದಿಲ್ಲ.

ಅರ್ಜಿ ತಿರಸ್ಕಾರವಾದ ಸುದ್ದಿ ಕೇಳಿದ ದಿನ ನಾನು ಷೆಡ್ಡಿನಿಂದ ಬರುತ್ತ ದಾರಿಯಲ್ಲಿ ನಿಂತು ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿಂದೆ. ತಮ್ಮ ಹೋದ ಮೇಲೆ ಅಷ್ಟು ಹಸಿವಿನಿಂದ ತಿಂದದ್ದು ಅದೇ ಮೊದಲು. ಇನ್ನೊಂದು ಬಜ್ಜಿ ಕೇಳಿ ಹಾಕಿಸಿಕೊಂಡೆ.

ಕಳೆದ ತಿಂಗಳು ಆ ಮನುಷ್ಯ ಷೆಡ್ಡಿನ ಗೇಟಿನ ಮುಂದೆ ಬಂದು ನಿಂತಿದ್ದ. ಕೈಯ ಬೆರಳುಗಳು ಮೆಣಸಿನಕಾಯಿ ಹಿಡಿದು ಕೆಂಪಾಗಿದ್ದವು. ನಾನು ಮುಂದೆ ನಡೆದೆ, ಅವನು ಹಿಂದೆ ಬಂದ.

“ನೀವಾಗಿ ತಡದ್ರಿ ಅಂತ ಒಂದು ಮಾತು ಬರದುಕೊಡ್ರಿ. ಅರಿಶಿಣದ ಮಾತು,” ಎಂದ. “ಅಷ್ಟ ಸಾಕು. ಉಳಿದಿದ್ದೆಲ್ಲಾ ನಂದ ತಪ್ಪು ಅಂತೀನಿ.”

ನಾನು ತಿರುಗಿ ನೋಡಲಿಲ್ಲ. ಆಟೋ ನಿಲ್ದಾಣದವರೆಗೂ ಅವನು ಬಂದ, ಅಲ್ಲಿ ನಿಂತುಕೊಂಡ.

ಆ ಒಂದು ಮಾತನ್ನು ಇಲ್ಲಿ ಬರೆದಿದ್ದೇನೆ. ಹೌದು, ತಡೆದವಳು ನಾನು. ಅವನು ರೂಲ್ಸ್ ಇಲ್ಲ ಎಂದ, ನಾನು ಹಂಗಿಸಿದೆ, ಅವನು ನಾಚಿ ಕೊಟ್ಟ. ಕಚೇರಿಗೆ ಹೋಗಿ ಇದೇ ಮಾತನ್ನು ಬರೆದು ಕೊಟ್ಟರೆ ಅವನಿಗೆ ಕೆಲಸ ಸಿಗಬಹುದು ಎಂದು, ಅವನಿಂದ ಸಂಗತಿ ತಿಳಿದ ಡಾಕ್ಟರಮ್ಮನೂ ಫೋನಿನಲ್ಲಿ ಹೇಳಿದರು. ಬರೆಯಲು ನನಗೆ ಬರುತ್ತದೆ. ಕಚೇರಿಯ ದಾರಿಯೂ ಗೊತ್ತು. ಹೋಗಿಲ್ಲ. ಅವನು ನನ್ನ ಮಾತು ಕೇಳಬಾರದಿತ್ತು.